ಒಣ ಬಂದರು

ಡೊರೀನ್ ಮಿಸ್ ಕೊಟ್ಟ ನಕಾಶೆ
ಮಡಿಕೆ ಮಡಿಕೆಗೂ ಹರಿದು, ಅಂಟುಪಟ್ಟಿ ಹಚ್ಚಿಸಿಕೊಂಡು
ಹಳದಿಯಾಗಿತ್ತು. ಸೌತ್‌ಹ್ಯಾಂಪ್ಟನ್.
ಅವರ ದೊಡ್ಡಮ್ಮ ಅರವತ್ತೆರಡರಲ್ಲಿ ಹಡಗಿಳಿದ ಊರು.
'ಶನಿವಾರದೊಳಗೆ ಒಂದು ಪುಟ, ಮ್ಯೂನಿ.
ಆ ಊರಲ್ಲಿ ಒಂದು ದಿನ ಸುತ್ತಾಡಿದ್ದು.
ಕ್ರಿಯಾಪದಗಳೆಲ್ಲ ಭೂತಕಾಲದಲ್ಲಿರಲಿ.'

ನಾನು ಮುನಿಲಕ್ಷ್ಮಿ. ಬಿ.ಎ. ಎರಡನೆಯ ವರ್ಷ.
ಸಮುದ್ರ ನೋಡಿಲ್ಲ.
ನೋಡದ್ದನ್ನು ಭೂತಕಾಲದಲ್ಲಿ ಬರೆಯುವುದು ಹೇಗೆ?
ಗುರುವಾರ ಕಾಲೇಜಿಗೆ ಚಕ್ಕರ್ ಹೊಡೆದು
ಸೊನ್ನೆ ರೂಪಾಯಿಯ ಟಿಕೆಟ್ಟು ಹರಿಸಿಕೊಂಡು
ಆ ಊರನ್ನು ಬೆಂಗಳೂರಿನ ಮೇಲೆ ಹಾಸಿದೆ.

ಮೊದಲು ಕೋಟೆಬಾಗಿಲು. ನಕಾಶೆಯಲ್ಲಿ ಅದು
ಅಕ್ಕಪಕ್ಕದ ಗೋಡೆ ಕಳೆದುಕೊಂಡು
ನಡುಬೀದಿಯಲ್ಲಿ ನಿಂತಿದೆ.
ನಮ್ಮದೂ ಹಾಗೆಯೇ, ಮಾರ್ಕೆಟ್ಟಿನ ಪಕ್ಕ
ಹೂವಿನ ಮೂಟೆ, ಹಾರ್ನು, ಆಸ್ಪತ್ರೆಯ ಚೀಟಿ ಹಿಡಿದವರ ನಡುವೆ,
ಯಾರನ್ನು ತಡೆಯಬೇಕೆಂದು ಮರೆತ ಕಲ್ಲು.
'ಬಾಗಿಲನ್ನು ಹಾದುಹೋದೆ' ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡೆ.
ಹೋಗಿರಲಿಲ್ಲ. ಬೀಗ ಹಾಕಿ
ಕಾವಲಿನವನು ಊಟಕ್ಕೆ ಹೋಗಿದ್ದ.

ಆಮೇಲೆ ನೀರು.
ತಾತ ಈಜು ಕಲಿತ ಸಂಪಂಗಿ ಕೆರೆಗೆ ಹೋದರೆ
ಕ್ರೀಡಾಂಗಣ. ಹುಡುಗನೊಬ್ಬ ಸುತ್ತು ಮುಗಿಸಿ
ಮಂಡಿ ಹಿಡಿದು ಬಗ್ಗಿ
ಮುಳುಗಿ ಎದ್ದವನ ಹಾಗೆ ಉಸಿರೆಳೆದುಕೊಂಡ.
ಅಲ್ಲಿಂದ ಹಲಸೂರು. ಕೆರೆ ಇತ್ತು, ದೋಣಿ ಇತ್ತು,
ದೋಣಿಯ ಮೇಲೆ ಕೊಕ್ಕರೆ ಇತ್ತು,
ದೋಣಿ ಬಿಡುವವನಿರಲಿಲ್ಲ.
ಕಡಲೆಕಾಯಿ ಮಾರುವಾಕೆಯನ್ನು ಕೇಳಿದೆ:
ಈ ನೀರು ಏರಿ ಇಳಿಯತ್ತಾ ಅಕ್ಕ?
'ಮಳೆ ಬಂದ್ರೆ ನಮ್ಮನೆ ಒಳಕ್ಕೇ ಏರತ್ತೆ.
ಇಳಿಯೋದು ಕಾರ್ಪೊರೇಷನ್ನವರ ಇಷ್ಟ.'

ಹಡಗು ಬಾಕಿ. ನಕಾಶೆಯ ತಳದಲ್ಲಿ
ಬಾಚಣಿಗೆಯ ಹಲ್ಲಿನಂತೆ ಧಕ್ಕೆಗಳ ಸಾಲು.
ಬಿಸಿಲಲ್ಲಿ ಅದನ್ನೇ ನೋಡುತ್ತ ಕೂತಿದ್ದಾಗ ನೆನಪಾದರು
ವೈಟ್‌ಫೀಲ್ಡಿನ ಪಿಳ್ಳಪ್ಪ ಮಾವ,
ಕಂಟೇನರ್ ಡಿಪೋದ ಗೇಟಿನಲ್ಲಿ ಹನ್ನೊಂದು ವರ್ಷ.

ಎರಡು ಬಸ್ಸು. ಟಿನ್ ಫ್ಯಾಕ್ಟರಿಯಲ್ಲಿ ಮುಕ್ಕಾಲು ಗಂಟೆ ಲಂಗರು.
ಗೇಟಿನಾಚೆ
ಮೂರಂತಸ್ತು ನಾಲ್ಕಂತಸ್ತಿನ ಪೆಟ್ಟಿಗೆಗಳು,
ಇಟ್ಟಿಗೆಗೆಂಪು, ಕಡುನೀಲಿ, ಬದನೆಕಾಯಿ ಬಣ್ಣ,
ಹೊಟ್ಟೆಯ ಮೇಲೆ ನಾಲಿಗೆ ಹೊರಳದ ಹೆಸರುಗಳು.
ಕ್ರೇನು ಒಂದನ್ನೆತ್ತಿ, ಗಾಳಿಯಲ್ಲಿ ತುಸು ಯೋಚಿಸಿ
ರೈಲಿನ ಬೆನ್ನಿಗಿಟ್ಟಿತು,
ಮದುವೆಮನೆಯಲ್ಲಿ ಸಾರಿನ ಹಂಡೆ ಇಳಿಸುವವರ ಎಚ್ಚರದಲ್ಲಿ.
'ಇದನ್ನ ಒಣ ಬಂದರು ಅಂತಾರೆ ಕಣಮ್ಮಿ,
ಕಾಗದದಲ್ಲೇ ಹಂಗಿದೆ. ಇಲ್ಲಿ ಸೀಲು ಬಿದ್ರೆ ಮುಗೀತು,
ದಾರೀಲಿ ಯಾರೂ ಮುಟ್ಟಂಗಿಲ್ಲ.'
ನೀವು ಸಮುದ್ರ ನೋಡಿದೀರಾ ಮಾವ?
'ರಜಾ ಎಲ್ಲಿ ಕೊಡ್ತಾರೆ.'

ರಿಪೇರಿಗೆ ನಿಂತ ಪೆಟ್ಟಿಗೆಯೊಂದರ ಮೂಲೆ
ಉಬ್ಬಿ ಹಪ್ಪಳವಾಗಿತ್ತು.
ಉಪ್ಪುಗಾಳಿ ತಿಂದದ್ದು, ಅಂದರು.
ಅವರು ರಿಜಿಸ್ಟರಿಗೆ ಬಗ್ಗಿದಾಗ
ಬೆರಳಿಗೆ ತುಕ್ಕು ತಾಗಿಸಿ ನಾಲಿಗೆಗಿಟ್ಟೆ.
ಕಬ್ಬಿಣ. ಬಸ್ಸಿನ ಕಂಬಿ ಹಿಡಿದ ಕೈಯ ರುಚಿ.
ಒಂದು ಚೂರು ಉಪ್ಪೂ ಇತ್ತು.
ಯಾರದೋ ಹೇಳಲಾರೆ,
ಬೆರಳು ಬೆವರಿತ್ತು.

ಶನಿವಾರ ಮಿಸ್ ಓದಿದರು. ಎರಡು ಕಡೆ ಕೆಂಪು ಗೆರೆ.
ಕೊಕ್ಕರೆಯ ದೋಣಿಗೆ ಒಂದು ಸರಿ ಗುರುತು.
'ಒಂದು ಬಿಟ್ಟಿದ್ದೀ. ಅಲ್ಲಿ ಉಬ್ಬರ
ಒಂದೇ ಸಲಕ್ಕೆ ಮುಗಿಯುವುದಿಲ್ಲ.
ನೀರು ಏರಿ, ಇನ್ನೇನು ಇಳಿಯಿತು ಅನ್ನುವಾಗ
ಮನಸ್ಸು ಬದಲಿಸಿ ಮತ್ತೆ ಏರುತ್ತದೆ.'

ನೀವು ನೋಡಿದೀರಾ ಮಿಸ್?

ಮಿಸ್ ನಕಾಶೆ ಮಡಿಚುತ್ತಿದ್ದರು.
ಹಳೆಯ ಮಡಿಕೆ ಮಾತು ಕೇಳಲಿಲ್ಲ.
ಹೊಸದೊಂದು ಬಿತ್ತು,
ಊರಿಗೂ ನೀರಿಗೂ ನಡುವೆ.