ತೇಲುವ ನೆಲ

ಕಾಮಾಕ್ಷಿಪಾಳ್ಯದ ಹಳೇ ಹಿಟ್ಟಿನ ಗಿರಣಿ.
ಯಂತ್ರ ಗುಜರಿಗೆ ಹೋಗಿ ಎರಡು ವರ್ಷ,
ಅದರ ನಾಲ್ಕು ಬೋಲ್ಟು ಮಾತ್ರ ನೆಲದಲ್ಲಿ
ಮುರಿದ ಹಲ್ಲಿನಂತೆ ಇನ್ನೂ ಕಚ್ಚಿಕೊಂಡಿದ್ದವು.
ಗ್ರೈಂಡರ್ ಹಿಡಿದು ಕೂತೆ. ಕಿಡಿ ಹಾರಿತು.
ಗೋಡೆಯ ಬಿರುಕಿಂದ ಉದುರಿದ್ದು ಸುಣ್ಣವಲ್ಲ, ರಾಗಿ ಹಿಟ್ಟು;
ಮೂಸಿ ನೋಡಿದ ಮೇಲೇ ತಿಳಿದದ್ದು.

ಪದ್ಮಾಕ್ಷಿ ಟೀಚರ್ ಹೊಸಿಲಲ್ಲೇ ನಿಂತು ಹೇಳಿದರು:
"ಇಪ್ಪತ್ತಾರು ವರ್ಷ ಸಿಮೆಂಟಿನ ಮೇಲೆ ಕುಣಿಸಿದೆ ಮೇಸ್ತ್ರಿ.
ಸಿಮೆಂಟು ಯಾವ ಪೆಟ್ಟನ್ನೂ ತಾನು ಇಟ್ಟುಕೊಳ್ಳಲ್ಲ,
ಬಂದ ದಾರೀಲೇ ಮಂಡಿಗೆ ವಾಪಸು ಕಳಿಸತ್ತೆ.
ನನ್ನದು ಹೋಯಿತು. ಮಕ್ಕಳದ್ದು ಉಳೀಲಿ.
ವಿಜಯದಶಮಿಗೆ ಗೆಜ್ಜೆಪೂಜೆ. ಇನ್ನು ಹನ್ನೊಂದು ದಿನ."

ನಾನೇನೂ ಹೇಳಲಿಲ್ಲ.
ಎರಡೂ ಮಂಡಿಗೆ ಲಾರಿ ಟ್ಯೂಬಿನ ತುಂಡು ಕಟ್ಟಿದ್ದೆ.
ಅವರ ಕಣ್ಣು ಒಂದು ಗಳಿಗೆ ಅಲ್ಲಿ ನಿಂತು ಮುಂದೆ ಹೋಯಿತು.

ಮೂರಡಿ ಪ್ಲಾಸ್ಟಿಕ್ ಹಾಳೆ ಹಾಸಿ
ನಾಲ್ಕೂ ಅಂಚಿಗೆ ಟೇಪು ಒತ್ತಿ ಮನೆಗೆ ಹೋದೆ.
ಬೆಳಿಗ್ಗೆ ಹಾಳೆಯ ಒಳಮೈ ತುಂಬ ಹನಿ,
ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ.
"ಮೇಲಿಂದ ಒಂದು ತೊಟ್ಟೂ ಬಿದ್ದಿಲ್ಲವಲ್ಲ!"
"ಇದು ಕೆಳಗಿಂದ ಬರೋದು ಮೇಡಂ.
ಒಣಗಿದೆ ಅಂತೀವಿ, ಒಳಗೊಳಗೇ ಬೆವರುತ್ತೆ.
ಹಾಗೇ ಮರ ಹಾಸಿದರೆ ನಾಲ್ಕು ತಿಂಗಳಿಗೆ
ಎಣ್ಣೆಗೆ ಬಿಟ್ಟ ಹಪ್ಪಳ."
ಹಪ್ಪಳ ಅಂದದ್ದು ಅವರಿಗೆ ನಾಟಿತು.

ಮಾದೇಶ ಎಪಾಕ್ಸಿ ಕಲಸಿದ. ಬಳಿದೆವು. ಒಣಗಲು ಬಿಟ್ಟೆವು.
ಹಲಗೆಗಳು ಮೂಲೆಯಲ್ಲಿ ಪೆಟ್ಟಿಗೆಯ ಬಾಯಿ ತೆರೆದು
ಮೂರು ದಿನ ಈ ಕೋಣೆಯ ಗಾಳಿ ಕುಡಿಯುತ್ತ ಮಲಗಿದವು.
ದಿನಕ್ಕೆರಡು ಸಲ ಬಂದು ಟೀಚರ್,
"ಇನ್ನೂ ಎದ್ದಿಲ್ಲವಾ?"
ಉಳಿದ ದಿನ ಎಣಿಸಿ ಬೆರಳು ಮಡಿಸುವರು,
ಮಡಿಸಿದ್ದೆಲ್ಲ ಮುದ್ರೆಯಂತೆ ಕಾಣುವುದು.
ಒಂದು ಹಲಗೆ ಎತ್ತಿ ಅಂಚು ನೋಡಿದರು.
ಮೇಲೆ ನಾಲ್ಕು ಮಿಲ್ಲಿ ಓಕ್,
ಕೆಳಗೆ ಅಡ್ಡ, ಉದ್ದ, ಮತ್ತೆ ಅಡ್ಡ;
ಒಂದು ಪದರ ಹಿಗ್ಗಲು ಹೊರಟರೆ
ಇನ್ನೊಂದು ತೋಳು ಹಿಡಿದು ಕೂರಿಸುತ್ತದೆ.
"ಹಾಗಾದರೆ ಪೂರ್ತಿ ಮರ ಅಲ್ಲ."
"ಪೂರ್ತಿ ಮರಕ್ಕೆ ಸಿಟ್ಟು ಜಾಸ್ತಿ ಮೇಡಂ."

ಮೊದಲ ಸಾಲು ಗೋಡೆಗೆ ತಾಗಬಾರದು, ಬೆರಳಗಲ ದೂರ.
ಮೊಳೆ ಇಲ್ಲ, ಅಂಟಿಲ್ಲ. ಫೋಮಿನ ಹಾಸು.
ಹಲಗೆಯ ನಾಲಿಗೆ ಪಕ್ಕದ ಹಲಗೆಯ ಬಾಯಿಗೆ,
ಕಟ್ಟಿಗೆ ತುಂಡು ಒತ್ತಿಟ್ಟು ಸುತ್ತಿಗೆಯಿಂದ ಮೆಲ್ಲಗೆ, ಟಕ್.
ಹಿಡಿದದ್ದು ಒಂದನ್ನೊಂದು, ಕೆಳಗಿನ ನೆಲವನ್ನಲ್ಲ.
ನಾವು ಇದಕ್ಕೆ ತೇಲಿಸೋದು ಅಂತೀವಿ.
"ತೇಲತ್ತಾ?" ಅಂತ ಟೀಚರ್
ಇಟ್ಟ ಕಾಲು ತೆಗೆದುಕೊಂಡರು.

ಒಂಬತ್ತನೇ ರಾತ್ರಿ, ಮೂರನೇ ಬೋಲ್ಟಿದ್ದ ಮೂಲೆ.
ಅಲ್ಯೂಮಿನಿಯಂ ಪಟ್ಟಿಯಡಿ ನಾಣ್ಯ ನುಗ್ಗಿತು.
ಒಂದು ಹೋದರೆ ಪರವಾಗಿಲ್ಲ. ಎರಡು ಹೋದವು.
ಗಂಟೆ ಎಂಟೂವರೆ. ಕಲಸಲು ಪುಡಿ ಉಳಿದಿರಲಿಲ್ಲ.
ಮಾದೇಶ ನನ್ನ ಮುಖ ನೋಡಿದ.
"ಹಾಸು," ಅಂದೆ.

ಮಾರನೇ ದಿನ ಟೀಚರ್ ಸೆರಗು ಸಿಕ್ಕಿಸಿ
ಗೋಡೆಯುದ್ದಕ್ಕೂ ತಟ್ಟುತ್ತ ಬಂದರು,
ತೈಯಾ ತೈ, ತೈಯಾ ತೈ,
ಕೋಣೆಯೆಲ್ಲ ಒಂದೇ ಮಾತು.
ಆ ಮೂಲೆಯಲ್ಲಿ ನಿಂತರು. ಮತ್ತೆ ತಟ್ಟಿದರು.
"ಮೇಸ್ತ್ರಿ, ಇಲ್ಲಿ ಕೆಳಗೆ ಯಾರೂ ಇಲ್ಲ."
ಮಾದೇಶ ಫ್ಯಾನು ನೋಡುತ್ತಿದ್ದ.
"ಆರು ಸಾಲು ಬಿಚ್ಚಬೇಕು. ನಾಳೆ…"
"ನಾಳೆ ದಶಮಿ. ಇರಲಿ ಬಿಡಿ,
ತಡವಾಗಿ ಬಂದವರನ್ನ ಅಲ್ಲಿ ನಿಲ್ಲಿಸ್ತೀನಿ.
ತಾಳ ತಪ್ಪಿದರೆ ತಿರುಗಿ ನೋಡೋದೇ ಬೇಡ."

ದುಡ್ಡು ಎಣಿಸಿ ಕೊಟ್ಟರು.
ಐನೂರು ಹಿಡಿದುಕೊಂಡರು. "ಇದು ಮೂಲೆಯದು."

ಮಾಗಡಿ ರಸ್ತೆ. ಬಸ್ಸು ಬರಲಿಲ್ಲ.
ಟ್ಯೂಬಿನ ತುಂಡು ಚೀಲದಲ್ಲಿತ್ತು.
ಸ್ಟಾಪಿನ ಕಾಂಕ್ರೀಟಿನ ಮೇಲೆ
ಯಾರೂ ನೋಡದ ಹಾಗೆ ಒಮ್ಮೆ ಹಿಮ್ಮಡಿ ಕುಟ್ಟಿದೆ.
ಸದ್ದು ಗಟ್ಟಿ. ಕೆಳಗೆ ಯಾರೋ ಇದ್ದಾರೆ.
ಪೆಟ್ಟು ಬಂದ ದಾರೀಲೇ ಬಂತು.