ಪರೀಕ್ಷೆಗೊಂದು ಪದ

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನೆದುರು ನನ್ನ ಡಿಟಿಪಿ ಅಂಗಡಿ.
ಪುಂಡಲೀಕ ಬಡಿಗೇರ ಕಾರ್ಡು ಮುಂದೆ ಹಿಡಿದ:
"ನಮ್ಮವ್ವನ ಹೆಸರು ಯಾಕ ಮುರದೀರಿ?"

ಸಾಲಿನ ತುದಿಗೆ ಹುಚ್,
ಕೆಳಗಿನ ಸಾಲಿಗೆ ಚವ್ವ.
ಅದೂ ದಿವಸದ ಕಾರ್ಡಿನಾಗ.

ಅವತ್ತು ಕೈಯಿಂದ ಜೋಡಿಸಿ ಕೊಟ್ಟೆ.
ರಾತ್ರಿ ಕರೆಂಟು ಬಂದ ಮೇಲೆ ಬರೆದೆ,
ಅರ್ಧ ಇಂಗ್ಲಿಷು, ಅರ್ಧ ಧೈರ್ಯ:
ಏನು ಮಾಡಿದೆ, ಏನು ಕಂಡಿತು, ಏನು ಕಾಣಬೇಕಿತ್ತು.

ಎಂಟು ದಿನಕ್ಕೆ ಉತ್ತರ: "ನನ್ನಲ್ಲಿ ಸರಿಯಾಗಿದೆಯಲ್ಲ."
ಇರ್ತದಪ್ಪ. ನಿನ್ನ ಲಿಪಿಯೊಳಗ
ಅಕ್ಷರದ ಬುಡಕ ಅಕ್ಷರ ಕೂಡೂದಿಲ್ಲ.

ಮೂಲವನ್ನೇ ಇಳಿಸಿಕೊಂಡು ಹುಡುಕಿದೆ.
'ಅಥವಾ' ಇರಬೇಕಾದಲ್ಲಿ 'ಮತ್ತು' ಇತ್ತು.
ತಿದ್ದಿ ಕಳಿಸಿದರೆ ಮೂರು ಸಲ
ಖಾಲಿ ಜಾಗ ಎಣಿಸಿ ವಾಪಸ್ ಮಾಡಿದ ಪುಣ್ಯಾತ್ಮ.
ಕಡೆಗೆ ಕೇಳಿದ, ಪರೀಕ್ಷೆಗೊಂದು ಪದ ಕೊಡು.

ಕೊಟ್ಟೆ.

ಈಗ ಯಾವ ಊರಲ್ಲಿ ಯಾರು ಒಂದು ಚುಕ್ಕೆ ಬದಲಿಸಿದರೂ
ಯಂತ್ರ ಆ ಮುದುಕಿಯನ್ನು ಕರೆದು
ಸಾಲಿನ ತುದಿಗೆ ನಿಲ್ಲಿಸಿ ನೋಡುತ್ತದೆ,
ಮುರಿಯುತ್ತಾಳೋ ಎಂದು.

ಪುಂಡಲೀಕನಿಗೆ ಹೇಳಿದೆ.
"ಅದಕ್ಕೇನರ ರೊಕ್ಕ ಬರ್ತದೇನ್ರಿ?"
"ಇಲ್ಲ."
ಸ್ವಲ್ಪ ಹೊತ್ತು ನಿಂತ.
"ಸಹಿ ಹಾಕಲಾಕ ಬರ್ತಿದ್ದಿಲ್ಲ ಅಕಿಗೆ," ಎಂದ.
ಕಾರ್ಡಿನ ಬಾಕಿ ನಲವತ್ತು ರೂಪಾಯಿ
ಕೀಬೋರ್ಡಿನ ಪಕ್ಕ ಇಟ್ಟ.