ಬಲಗಡೆಯ ಹೊರ ಅಂಚು

ಚೌರಪ್ಪ ಮೊದಲು ಮಾತಾಡುವುದು ಟೈರಿನ ಜೊತೆ.
ಆಮೇಲೆ, ಬೇಕಿದ್ದರೆ, ಟೈರಿನ ಯಜಮಾನರ ಜೊತೆ.

ವಿಲ್ಸನ್ ಗಾರ್ಡನ್ನಿನಲ್ಲಿ, ಚಿತಾಗಾರದ ಕಡೆ ಹೋಗುವ ರಸ್ತೆಯಲ್ಲಿ
ಒಂದು ಶಟರು, ಒಂದು ಜಾಕು,
ಗೂರಲು ಹತ್ತಿದವರ ಹಾಗೆ ಉಸಿರೆಳೆಯುವ ಕಂಪ್ರೆಸರು.
ನನ್ನ ಆಲ್ಟೊ ಒಂದು ಕಾಲೆತ್ತಿ ನಿಂತಿತು.
ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವವಳು
ಬೆಲೆ ಕೇಳುವ ಮೊದಲು ಸೆರಗು ಮುಟ್ಟುವ ಹಾಗೆ
ಮುಂದಿನ ಚಕ್ರದ ಮೇಲೆ ಅಂಗೈ ಆಡಿಸಿದ,
ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ.
ಗೀರಿಗೆ ಒಂದು ರೂಪಾಯಿ ನಾಣ್ಯ ಇಳಿಬಿಟ್ಟ.
ಒಳ ಅಂಚಲ್ಲಿ ನಾಣ್ಯ ಮುಳುಗಿತು.
ಹೊರ ಅಂಚಲ್ಲಿ ನಿಲ್ಲಲೇ ಇಲ್ಲ.

"ನಡು ಸವೆದಿದ್ರೆ ಗಾಳಿ ಹೆಚ್ಚು ಅಂತಿದ್ದೆ.
ಎರಡೂ ಅಂಚು ಸವೆದಿದ್ರೆ ಗಾಳಿ ಕಮ್ಮಿ.
ಇದು ಒಂದೇ ಅಂಚು. ಅದೂ ಹೊರಗಿಂದು."
ಅಲೈನ್‌ಮೆಂಟ್ ನೋಡಿದ. ನೆಟ್ಟಗಿತ್ತು.
ತಲೆ ಕೆರೆದುಕೊಂಡ. ನನ್ನ ಮುಖ ನೋಡಿದ್ದು ಆಗಲೇ:
"ಮೇಡಂ, ನೀವು ಬಲಕ್ಕೆ ತಿರುಗೋದೇ ಇಲ್ವಾ?"

ನಾನು ಜಯನಗರದ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವವಳು.
ಮೂರು ತಿಂಗಳು ಕದ್ದು ತಿಂದ ಮೈಸೂರುಪಾಕು
ಒಂದು ತೊಟ್ಟು ರಕ್ತ ಒಪ್ಪಿಸಿಬಿಡುವುದ ಕಂಡವಳು.
ರಿಪೋರ್ಟು ಕೈಗೆ ಬಂದಾಗ ಅವರ ಮುಖ ಹೇಗಾಗುತ್ತದೆಂದು
ಅವತ್ತೇ ಗೊತ್ತಾದದ್ದು, ಒಳಗಿನಿಂದ.

ಐವತ್ತೊಂದಕ್ಕೆ ಲೈಸೆನ್ಸು.
ಎದುರಿಗೆ ಬಸ್ಸು, ಅದರ ಹಿಂದೆ ನೀರಿನ ಟ್ಯಾಂಕರು,
ಸಂದಿಯಲ್ಲಿ ಊಟ ಹೊತ್ತ ಹುಡುಗರು,
ಇವರೆಲ್ಲರ ನಡುವೆ ಮೂಗು ತೂರಿಸಿ
"ಒಂಚೂರು ತಡೀರಪ್ಪ" ಅನ್ನುವುದನ್ನು
ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿರಲಿಲ್ಲ.
ಮೂರು ಎಡ ಸೇರಿದರೆ ಒಂದು ಬಲ,
ಈ ಲೆಕ್ಕ ನನ್ನದೇ.
ಶ್ರೀನಗರದಿಂದ ಹೊರಟು, ಬೇಕರಿ ಸುತ್ತಿ, ಸ್ಕೂಲು ಸುತ್ತಿ,
ಯಾರದೋ ಕಾಂಪೌಂಡಿನ ನಾಯಿಗೆ ದಿನವೂ ಮುಖ ತೋರಿಸಿ
ನಾಲ್ಕು ವರ್ಷ ಈ ಊರಿಗೆ
ಅಪ್ರದಕ್ಷಿಣೆ ಹಾಕಿದ್ದೇನೆ.
ಮನೆಯವರಿಗೆ ತಿಳಿದಿರಲಿಲ್ಲ. ದೇವರು ಸುಮ್ಮನಿದ್ದ.
ಟೈರು ಬರೆದಿಟ್ಟುಕೊಂಡಿತ್ತು.

"ಇಲ್ಲ," ಅಂದೆ. "ತಿರುಗಲ್ಲ."

ಅವನು ನಗಲಿಲ್ಲ. ಅದಕ್ಕೇ ಇನ್ನೂ ಅಲ್ಲಿಗೆ ಹೋಗುತ್ತೇನೆ.
"ಇಮ್ದಾದ್, ಸ್ಟೆಪ್ನಿ ಇಳಿಸೋ" ಅಂದ.
ಡಿಕ್ಕಿಯ ಕತ್ತಲಿಂದ ಬಂತು
ಮೈತುಂಬ ಹುಟ್ಟುಗೂದಲು ಹೊತ್ತ ರಬ್ಬರಿನ ಕೂಸು,
ನೆಲ ಮುಟ್ಟದೆ ನಾಲ್ಕು ವರ್ಷ.
"ಕೂತಲ್ಲೇ ಕೂತಿದ್ರೂ ವಯಸ್ಸಾಗತ್ತೆ ಇದಕ್ಕೆ,"
ಪಕ್ಕೆಯಲ್ಲಿ ಅಚ್ಚಾದ ವಾರ, ವರುಷ ಉಜ್ಜಿ ತೋರಿಸಿದ.
ಮುಂದಿನವು ಹಿಂದಕ್ಕೆ, ಹಿಂದಿನವು ಅಡ್ಡಹಾಯ್ದು ಮುಂದಕ್ಕೆ,
ಸವೆದದ್ದು ಡಿಕ್ಕಿಯಲ್ಲಿ ವಿಶ್ರಾಂತಿಗೆ,
ಸ್ಟೆಪ್ನಿ ಮೊದಲ ಬಾರಿ ಡಾಂಬರಿಗೆ.
"ಸವೆಯೋದು ತಪ್ಪಲ್ಲ ಮೇಡಂ.
ಒಂದೇ ಕಡೆ ಸವೆಯೋದು, ಅದು ದುಡ್ಡು ದಂಡ.
ಗಾಳಿ ಬೆಳಿಗ್ಗೆ ನೋಡಿಸಿ, ಟೈರು ತಣ್ಣಗಿರೋವಾಗ.
ಓಡಿ ಬಂದ ಮೇಲೆ ಎಲ್ಲಾನೂ ಉಬ್ಬಿರತ್ತೆ."

ಮುನ್ನೂರೈವತ್ತು ರೂಪಾಯಿ.
ರಸೀದಿಯ ಹಿಂದೆ ವೈದ್ಯರ ಹಾಗೆ ಗೀಚಿದ್ದ:
ಗಾಳಿ ಮೂವತ್ತು ಪೌಂಡು, ಹದಿನೈದು ದಿನಕ್ಕೊಮ್ಮೆ.
ಅದಲುಬದಲು, ಎಂಟು ಸಾವಿರ ಕಿಲೋಮೀಟರಿಗೆ.
ಬಲ, ದಿನಕ್ಕೆ ಒಂದು.

ಮೊದಲ ಸಂಜೆ ಆಗಲಿಲ್ಲ. ಸೌತ್ ಎಂಡ್ ಹತ್ತಿರ ಬಂದಂತೆ
ಕೈ ತಾನಾಗಿ ಎಡದ ಇಂಡಿಕೇಟರು ಒತ್ತಿತು.
ಎರಡನೆಯ ಸಂಜೆಯೂ.
ಗುರುವಾರ ಬಲದ್ದು ಹಾಕಿದೆ.
ಟಿಕ್ ಟಿಕ್ ಟಿಕ್, ಹಿಂದೆ ಒಬ್ಬ ಆಟೋದವನ ಹಾರನ್ನು,
ಅದರ ಹಿಂದೆ ಇಡೀ ಬಸವನಗುಡಿಯದು.
ಬ್ರೇಕಿನ ಮೇಲಿನ ಕಾಲು ನಡುಗುತ್ತಿತ್ತು.
ಎದುರಿನ ಬಸ್ಸಿನ ಡ್ರೈವರು
ಕಿಟಕಿಯಿಂದ ಎರಡು ಬೆರಳು ಆಡಿಸಿದ,
ಹೋಗಮ್ಮ ಅಂತಲೋ,
ಬೂದಿ ಕೊಡವಿದ್ದೋ, ತಿಳಿಯದು.

ಹೊರಳಿದೆ.
ಎಡಗಡೆಯ ಹೊರ ಅಂಚು
ಹೊಸ ಚಪ್ಪಲಿಯ ಹಾಗೆ
ಕಿರ್ ಅಂದಿತು.